ಹಿಂಬಾಗಿಲಿನ ಅಮೆರಿಕ

ಸಿರಿಲ್ ಹಾವರ್ತ್ ತನ್ನ ಅಡುಗೆಮನೆಯ ಹಿಂಬಾಗಿಲಿಗೆ ಎಂಟು ತಿಂಗಳಿಂದ ಚಿಲಕ ಹಾಕಿರಲಿಲ್ಲ. ಮರೆವಿನಿಂದಲ್ಲ, ಬೇಕೆಂದೇ. ಇದಕ್ಕೆಲ್ಲ ಟೀವಿ ಕಾರಣ.

ಆರು ವರ್ಷದ ಹಿಂದೆ ಅವನ ಅಕ್ಕ ಎಡ್ನಾ ತೀರಿಕೊಂಡಳು. ಆಮೇಲೆ ಆ ಮನೆಯಲ್ಲಿ ಮಾತಾಡುವವರು ಅಂತ ಉಳಿದದ್ದು ಟೀವಿ ಒಂದೇ. ಅದರಲ್ಲೂ ಅಮೆರಿಕದ ಧಾರಾವಾಹಿಗಳೆಂದರೆ ಸಿರಿಲ್‌ಗೆ ಪಂಚಪ್ರಾಣ. ಕತೆಗಾಗಿ ಅಲ್ಲ. ಆ ಧಾರಾವಾಹಿಗಳಲ್ಲಿ ಪಕ್ಕದ ಮನೆಯವನೊಬ್ಬ ಇದ್ದೇ ಇರುತ್ತಾನೆ. ಅವನು ಗಂಟೆ ಒತ್ತುವುದಿಲ್ಲ, ಬಾಗಿಲು ತಟ್ಟುವುದಿಲ್ಲ. ಹಿಂಬಾಗಿಲು ತಳ್ಳಿಕೊಂಡು ಸೀದಾ ಅಡುಗೆಮನೆಗೆ ಬರುತ್ತಾನೆ, ಫ್ರಿಜ್ ತೆರೆದು ಕೈಗೆ ಸಿಕ್ಕಿದ್ದನ್ನು ತಿನ್ನುತ್ತಾನೆ, ಕುರ್ಚಿ ಎಳೆದು ಕೂತು ಹೆಂಡತಿಯ ಮೇಲೆ ದೂರು ಹೇಳುತ್ತಾನೆ. ಮನೆಯವರು ಬೈದು ಕಳಿಸುತ್ತಾರೆ. ಹತ್ತು ನಿಮಿಷ ಬಿಟ್ಟು ಮತ್ತೆ ಬರುತ್ತಾನೆ. ಅವನು ಬಂದಾಗಲೆಲ್ಲ ಸಿರಿಲ್ ಚಹಾದ ಲೋಟ ಕೆಳಗಿಟ್ಟು ನೋಡುತ್ತಿದ್ದ.

ನಮ್ಮ ಥಾರ್ನ್‌ಬಿಯಲ್ಲಿ ಹಾಗೆಲ್ಲ ಇಲ್ಲ. ಉತ್ತರ ಇಂಗ್ಲೆಂಡಿನ ಲ್ಯಾಂಕಶೈರಿನ ಜನ ನಾವು, ಬೀದಿಯಲ್ಲಿ ಸಿಕ್ಕರೆ ಮೋಡದ ಬಗ್ಗೆ ಅರ್ಧ ಗಂಟೆ ಮಾತಾಡುತ್ತೇವೆ. ಇನ್ನೊಬ್ಬರ ಹೊಸ್ತಿಲು ದಾಟುವುದೆಂದರೆ ಮಾತ್ರ ಕಾಲು ಏಳುವುದಿಲ್ಲ. ಸಿರಿಲ್ ಮೂವತ್ತೈದು ವರ್ಷ ಗ್ಯಾಸ್ ಮೀಟರು ಓದುವ ಕೆಲಸದಲ್ಲಿದ್ದವನು. ಊರಿನ ಪ್ರತಿ ಮನೆಯಲ್ಲೂ ಮೀಟರು ಇರುವ, ಮೆಟ್ಟಿಲ ಕೆಳಗಿನ ಗೂಡಿಗೆ ತಲೆ ತೂರಿಸಿದ್ದಾನೆ. ಯಾರ ಮನೆಯಲ್ಲಿ ಮುರಿದ ಛತ್ರಿ ಎಷ್ಟಿವೆ ಎಂದು ಬೇಕಾದರೆ ಹೇಳುತ್ತಾನೆ. ಆದರೆ ಎಡ್ನಾಳನ್ನು ಮಣ್ಣು ಮಾಡಿದ ದಿನದ ನಂತರ ಅವನ ಮನೆಯೊಳಗೆ ಕಾಲಿಟ್ಟ ನೆರೆಯವರು ಯಾರೂ ಇಲ್ಲ. ನಾನೂ ಇಲ್ಲ. ನಾಲ್ಕು ಮನೆ ಆಚೆ ಇದ್ದೇನೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹೀಗಿರುವಾಗ ಕಳೆದ ಜುಲೈಯಲ್ಲಿ ಸಿರಿಲ್‌ನ ಜೋಡಿಮನೆಯ ಇನ್ನೊಂದು ಅರ್ಧಕ್ಕೆ, ಅಂದರೆ ಒಂದೇ ಗೋಡೆಯ ಆಚೆ ಬದಿಗೆ, ಅಮೆರಿಕದವನೊಬ್ಬ ಬಂದ. ಹೆಸರು ಲೈಲ್ ಹಾಲ್ವರ್ಸನ್, ರಾಜ್ಯ ಮಿನೆಸೋಟ, ವಯಸ್ಸು ಸಿರಿಲ್‌ನದೇ, ಅರವತ್ತರ ಮೇಲೆ ಮೂರೋ ನಾಲ್ಕೋ. ಒಬ್ಬನೇ. ಸುದ್ದಿ ಕಿವಿಗೆ ಬಿದ್ದ ದಿನವೇ ಸಿರಿಲ್ ಹಿಂಬಾಗಿಲ ಚಿಲಕ ತೆಗೆದ. ಫ್ರಿಜ್ಜಿನಲ್ಲಿ ಕಿತ್ತಳೆ ರಸ, ಬೇಯಿಸಿದ ಕೋಳಿಕಾಲು, ದೊಡ್ಡದೊಂದು ಚೀಸಿನ ತುಂಡು ಇಟ್ಟ. ಮೂರು ದಿನ ಕಾದು, ತಾನೇ ತಿಂದು, ಹೊಸತು ತಂದಿಟ್ಟ. ಎಂಟು ತಿಂಗಳಲ್ಲಿ ಎಷ್ಟು ಕೋಳಿಕಾಲು ತಿಂದನೋ ದೇವರಿಗೇ ಗೊತ್ತು, ಸೊಂಟದ ಸುತ್ತ ನಾಲ್ಕು ಅಂಗುಲ ಬಂತು. ಒಮ್ಮೆ ಯಾರದೋ ಬೆಕ್ಕು ಬಾಗಿಲ ಸಂದಿಯಿಂದ ನುಸುಳಿ ಮೇಜಿನಡಿ ಮಲಗಿ ಎದ್ದುಹೋಯಿತು. ಸಿರಿಲ್ ಅದನ್ನು ಓಡಿಸಲಿಲ್ಲ.

ಅಮೆರಿಕದವನು ಮಾತ್ರ ಬರಲೇ ಇಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊರಗೆ ಕಾಣುತ್ತಿದ್ದ. ತಲೆಗೆ ಚಪ್ಪಟೆ ಟೋಪಿ, ಮೈಗೆ ಕಂದು ಉಣ್ಣೆ ಕೋಟು. "ಸ್ವಲ್ಪ ಥಂಡಿ ಇದೆ" ಅನ್ನುತ್ತಿದ್ದ, ನೆಲ ನೋಡುತ್ತಿದ್ದ, ಒಳಗೆ ಹೋಗಿಬಿಡುತ್ತಿದ್ದ. ಒಮ್ಮೆಯೂ ನಗಲಿಲ್ಲ, ಒಮ್ಮೆಯೂ ಬೆನ್ನು ತಟ್ಟಲಿಲ್ಲ. ಹೀಗೆ ಇರುವುದಕ್ಕೆ ಅಮೆರಿಕದವನೇ ಯಾಕೆ ಬೇಕಿತ್ತು, ನಾವೇ ಇರಲಿಲ್ಲವೇ. ಹಾಗಾದರೆ ಇಷ್ಟು ವರ್ಷ ಟೀವಿಯವರು ತನಗೆ ಹೇಳಿದ್ದೆಲ್ಲ ಸುಳ್ಳೇ ಎಂದು ಸಿರಿಲ್‌ಗೆ ಅನುಮಾನ ಹತ್ತಿತು. ಅನುಮಾನಕ್ಕಿಂತ ಹೆಚ್ಚಾಗಿ ಹೆದರಿಕೆ. ಅದೂ ಸುಳ್ಳಾದರೆ ಅವನಿಗೆ ನಂಬಿಕೊಳ್ಳಲು ಬೇರೆ ಏನೂ ಉಳಿಯುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಬೇಕರಿಯ ಸಾಲಿನಲ್ಲಿ ನಿಂತಿದ್ದಾಗ ಅವನು ಈ ವಿಷಯ ಬಾಯಿಬಿಟ್ಟ. ಮುಂದೆ ನಿಂತಿದ್ದವನು ರೇಮಂಡ್ ಟ್ಯಾಟರ್ಸಾಲ್, ಬಸ್ಸು ಓಡಿಸಿ ನಿವೃತ್ತನಾದವನು. ಹಿಂದೊಮ್ಮೆ ಹತ್ತು ದಿನ ಫ್ಲಾರಿಡಾಕ್ಕೆ ಹೋಗಿಬಂದ ಬಲದಿಂದ ನಮ್ಮ ಊರಿಗೆಲ್ಲ ಅಮೆರಿಕದ ವಿಷಯದಲ್ಲಿ ಅವನ ಮಾತೇ ಕೊನೆ.

"ರೇಮಂಡ್, ಒಂದು ಕೇಳ್ತೀನಿ, ನಗಬೇಡ," ಅಂದ ಸಿರಿಲ್. "ಟೀವಿಲಿ ಅಮೆರಿಕದವ್ರನ್ನ ತೋರಿಸ್ತಾರಲ್ಲ, ಬಾಗಿಲು ತಟ್ಟದೆ ಬರೋದು, ಮನಸ್ಸಲ್ಲಿರೋದೆಲ್ಲ ಹೇಳ್ಕೊಳ್ಳೋದು, ಅದು ನಿಜಾನಾ?"

"ನೂರಕ್ಕೆ ನೂರು ನಿಜ," ಅಂದ ರೇಮಂಡ್. "ಫ್ಲಾರಿಡಾದ ಹೋಟೆಲಲ್ಲಿ ತಿಂಡಿ ಬಡಿಸೋ ಒಬ್ಳು ಹೆಂಗಸು, ನಾನು ಏನ್ ತಿಂತೀನಿ ಅಂತ ಕೇಳೋಕೆ ಮುಂಚೆ ಅವಳ ಎರಡನೇ ಗಂಡ ಯಾಕೆ ಬಿಟ್ಟುಹೋದ ಅಂತ ಹೇಳಿದ್ಳು. ನಾನು ಕೇಳೇ ಇರ್ಲಿಲ್ಲ. ಹೇಳಿ ಮುಗಿಸೋ ಹೊತ್ತಿಗೆ ಬೆಳಗಿನ ತಿಂಡಿ ಹೊತ್ತೇ ಮುಗಿದಿತ್ತು."

"ಹಾಗಾದ್ರೆ ನಮ್ಮ ಬೀದಿಯೋನು ಯಾಕೆ ಹಾಗಿದ್ದಾನೆ?" ಎಂದು ಹಿಂದಿನಿಂದ ಬಂತು ಬೆರಿಲ್ ಕ್ಲೆಗ್‌ಳ ದನಿ. ಸಿರಿಲ್‌ನ ಎದುರು ಮನೆಯವಳು. ಮೂಗು ತೂರಿಸುವುದರಲ್ಲಿ ಎತ್ತಿದ ಕೈ, ಆದರೆ ತೂರಿಸುವುದೆಲ್ಲ ಕಿಟಕಿಯ ಪರದೆಯ ಸಂದಿಯಿಂದ. "ನಮ್ಮನೆ ಗಡಿಯಾರ ಅವನಿಗಿಂತ ಹೆಚ್ಚು ಮಾತಾಡತ್ತೆ. ಟೀವಿಯೋರು ಏನ್ ಬೇಕಾದ್ರೂ ತೋರಿಸ್ತಾರೆ ಕಣಯ್ಯ. ಅವ್ರ ಸಿನಿಮಾದಲ್ಲಿ ನಮ್ಮನ್ನ ನೋಡಿಲ್ವಾ? ಇಂಗ್ಲೆಂಡಿನ ಗಂಡಸು ಅಂದ್ರೆ ಒಂದೋ ದೊಡ್ಡಮನೇಲಿ ತಟ್ಟೆ ಹಿಡ್ಕೊಂಡು ನಿಂತಿರ್ತಾನೆ, ಇಲ್ಲಾ ಯಾರನ್ನೋ ಕೊಲ್ಲೋ ಸಂಚು ಮಾಡ್ತಿರ್ತಾನೆ. ನನ್ನ ಗಂಡ ಡೆರೆಕ್ ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಒಂದು ತಟ್ಟೆ ಎತ್ತಿಲ್ಲ."

"ಇನ್ನೊಂದು ಮಾಡಿದ್ನಾ?" ಎಂದು ಕೇಳಿದಳು ಗಲ್ಲಾದ ಹಿಂದಿದ್ದ ಬೇಕರಿಯಾಕೆ.

"ಅಷ್ಟು ಚುರುಕು ಇದ್ದಿದ್ರೆ ಹೇಳೋದೇನಿತ್ತು," ಅಂದಳು ಬೆರಿಲ್.

ರೇಮಂಡ್ ಮಾತ್ರ ನಗಲಿಲ್ಲ. ಅವನು ಕಣ್ಣು ಕಿರಿದು ಮಾಡಿ ಸಿರಿಲ್‌ನನ್ನೇ ನೋಡುತ್ತಿದ್ದ. "ಸಿರಿಲ್, ಅವ್ನು ಬಂದಾಗ ನೀನು ಅವನ ಮನೆಗೆ ಹೂರಣದ ಪೈ ತಗೊಂಡು ಹೋದ್ಯಾ?"

"ನಾನಾ? ಅವ್ನು ಬರ್ಲಿ ಅಂತ ನಾನು ಕಾಯ್ತಿದ್ದೆ."

"ಆಯ್ತು, ಕೆಟ್ಟಿತು," ಅಂದ ರೇಮಂಡ್. "ಅಮೆರಿಕದಲ್ಲಿ ಹಳಬರು ಹೊಸಬರ ಮನೆಗೆ ಮೊದಲು ಹೋಗ್ಬೇಕು. ಅದೇ ಪದ್ಧತಿ. ಸಿನಿಮಾದಲ್ಲಿ ನೋಡಿಲ್ವಾ ನೀನು? ಸಾಮಾನಿನ ಲಾರಿ ಇನ್ನೂ ಬಾಗಿಲಲ್ಲೇ ಇರತ್ತೆ, ಪಕ್ಕದ ಮನೆಯವ್ರು ಪೈ ಹಿಡ್ಕೊಂಡು ಬಂದೇಬಿಡ್ತಾರೆ. ಪೈ ಕೊಟ್ಟ ಮೇಲೇ ಓಡಾಟ ಶುರು. ಎಂಟು ತಿಂಗಳಿಂದ ಪಾಪ ಅವ್ನು ನಿನಗೋಸ್ಕರ ಕಾಯ್ತಾ ಕೂತಿದ್ದಾನೆ. ನಿನಗೆ ಅವನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದಾನೆ."

ಸಿರಿಲ್ ಹಣೆ ಚಚ್ಚಿಕೊಂಡ. ರೇಮಂಡ್ ಹೇಳಿದ್ದು ಸರಿ. ಆ ದೃಶ್ಯವನ್ನು ಅವನು ಸಾವಿರ ಸಲ ನೋಡಿದ್ದ. ಪೈ ತಂದವರನ್ನು ನೋಡಿದ್ದ, ಪೈ ಇಸಿದುಕೊಂಡವರನ್ನು ನೋಡಿದ್ದ. ತಾನು ತರಬೇಕಾದವನು ಎಂದು ಮಾತ್ರ ಹೊಳೆದಿರಲಿಲ್ಲ. ಗೋಡೆಯ ಆ ಕಡೆಯೂ ಒಬ್ಬ ಮನುಷ್ಯ ತನ್ನ ಹಾಗೇ ಬಾಗಿಲ ಮೇಲೆ ಕಣ್ಣಿಟ್ಟು ಎಂಟು ತಿಂಗಳು ಕೂತಿದ್ದಾನೆ ಎಂದು ನೆನೆದು ಅವನಿಗೆ ಸಂಕಟವಾಯಿತು, ಜೊತೆಗೆ ಖುಷಿಯೂ ಆಯಿತು.

"ಒಂದು ಸೇಬಿನ ಪೈ ಕೊಡಮ್ಮ," ಅಂದ ಬೇಕರಿಯಾಕೆಗೆ.

"ಸೇಬಿಂದು ಖಾಲಿ. ಮಾಂಸ ಆಲೂಗಡ್ಡೆದು ಇದೆ."

"ಸಿನಿಮಾದಲ್ಲಿ ಸೇಬಿಂದೇ ಇರತ್ತೆ," ಅಂದ ರೇಮಂಡ್ ಅನುಮಾನಿಸುತ್ತ.

"ಸಿನಿಮಾದಲ್ಲಿ ಅದನ್ನ ಯಾರೂ ತಿನ್ನೋದು ನಾನು ನೋಡಿಲ್ಲ," ಅಂದಳು ಬೆರಿಲ್. "ಒಳಗೇನಿದ್ರೆ ಏನು, ತಗೊಂಡು ನಡಿ."

ಮನೆಯ ತನಕ ಇಬ್ಬರೂ ಅವನ ಅಕ್ಕಪಕ್ಕ ನಡೆದು ಪಾಠ ಹೇಳಿಕೊಟ್ಟರು. ಮುಂಬಾಗಿಲಿಗೆ ಹೋಗಕೂಡದು, ಗಂಟೆ ಒತ್ತಕೂಡದು, ಅಮೆರಿಕದಲ್ಲಿ ಗಂಟೆ ಒತ್ತುವವನು ಪೊಲೀಸಿನವನು. ಹಿತ್ತಿಲ ಬೇಲಿ ಹಾರಬೇಕು, ಹಿಂಬಾಗಿಲು ತಳ್ಳಬೇಕು, "ಹಾಯ್ ನೆರೆಯೋರೇ" ಎಂದು ಗಟ್ಟಿಯಾಗಿ ಕೂಗಬೇಕು. ಫ್ರಿಜ್ ತೆರೆಯಲೇಬೇಕು, ಇಲ್ಲದಿದ್ದರೆ ಅವಮಾನ. ಅಷ್ಟರಲ್ಲಿ ಸಿರಿಲ್‌ನ ಗೇಟು ಬಂತು, ತುಂತುರು ಮಳೆಯೂ ಶುರುವಾಯಿತು.

"ಒಳಗೆ ಬನ್ನಿ, ಒಂದೊಂದು ಲೋಟ ಚಹಾ ಮಾಡ್ತೀನಿ," ಅಂದ ಸಿರಿಲ್.

ಇಬ್ಬರೂ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದರು. "ಛೇ, ನಿಂಗ್ಯಾಕಪ್ಪಾ ತೊಂದ್ರೆ," ಅಂದಳು ಬೆರಿಲ್. "ನಾವು ಇಲ್ಲೇ ಇರ್ತೀವಿ." ಛತ್ರಿ ಬಿಚ್ಚಿಕೊಂಡು ಇಬ್ಬರೂ ಫುಟ್‌ಪಾತಿನ ಮೇಲೆ ನಿಂತರು.

ಸಿರಿಲ್ ಒಳಗೆ ಹೋಗಿ ತಲೆ ಬಾಚಿಕೊಂಡ. ಪೈಯನ್ನು ಎಡ್ನಾಳ ನೀಲಿ ಅಂಚಿನ ತಟ್ಟೆಯಲ್ಲಿಟ್ಟ. ಕೂಗುವುದು ಅಭ್ಯಾಸವಿಲ್ಲದ ಗಂಟಲು, ಒಮ್ಮೆ ನೋಡೋಣವೆಂದು ಗೋಡೆಯ ಕಡೆ ತಿರುಗಿ, ಧಾರಾವಾಹಿಯ ಧಾಟಿಯನ್ನೇ ಹಿಡಿದು, "ಹಾಯ್ ನೆರೆಯೋರೇ" ಎಂದ. ದನಿ ಅವನೆಣಿಸಿದ್ದಕ್ಕಿಂತ ಜೋರಾಗಿಯೇ ಬಂತು. ಗೋಡೆಯಾಚೆ ರೇಡಿಯೋ ತಟ್ಟನೆ ನಿಂತಿತು. ಆಮೇಲೆ ದಢಾರೆಂದು ಏನೋ ಬಿದ್ದ ಸದ್ದು. ಕುರ್ಚಿ ಸರಿಸಿ ಜಾಗ ಮಾಡುತ್ತಿರಬೇಕು ಎಂದುಕೊಂಡು ಸಿರಿಲ್ ಉಬ್ಬಿಹೋದ.

ಬೇಲಿ ಸೊಂಟದೆತ್ತರದ್ದು. ಸಿನಿಮಾದಲ್ಲಿ ಒಂದು ಕೈ ಊರಿ ಹಾರುತ್ತಾರೆ. ಸಿರಿಲ್ ಒಂದು ಕೈಯಲ್ಲಿ ಪೈ ಹಿಡಿದು ಇನ್ನೊಂದು ಕೈ ಊರಿದ, ಹಾರಿದ, ಅರ್ಧ ಹಾರಿದ. ಎಂಟು ತಿಂಗಳ ಕೋಳಿಕಾಲು ಅವನನ್ನು ಬೇಲಿಯ ಮೇಲೇ ಕೂರಿಸಿತು. ಹಲಗೆಯ ಮೊಳೆಯೊಂದು ಪ್ಯಾಂಟನ್ನು ಹಿಂದಿನಿಂದ ಭದ್ರವಾಗಿ ಹಿಡಿದುಕೊಂಡಿತು. ಅತ್ತಲೂ ಇಲ್ಲ ಇತ್ತಲೂ ಇಲ್ಲದೆ ಮಳೆಯಲ್ಲಿ ನಾಲ್ಕು ನಿಮಿಷ ಕೂತಿದ್ದು, ಕೊನೆಗೆ ಮಾನಕ್ಕಿಂತ ಪೈ ದೊಡ್ಡದೆಂದು ತೀರ್ಮಾನಿಸಿ ಧುಮುಕಿದ. ಪೈ ಉಳಿಯಿತು, ಪ್ಯಾಂಟು ಪರ್ರನೆ ಹರಿಯಿತು.

ಲೈಲ್‌ನ ಹಿಂಬಾಗಿಲ ಹಿಡಿಗೆ ಕೈ ಹಾಕಿ ಮೆಲ್ಲಗೆ ತಿರುಗಿಸಿದ. ತೆರೆಯಿತು. ಚಿಲಕ ಹಾಕಿರಲಿಲ್ಲ.

ಸಿರಿಲ್‌ನ ಕಣ್ಣು ತುಂಬಿ ಬಂತು. ಇವನೂ ತೆರೆದಿಟ್ಟುಕೊಂಡೇ ಇದ್ದಾನೆ, ತನ್ನ ಹಾಗೇ, ಇಷ್ಟು ದಿನವೂ. "ಹಾಯ್ ನೆರೆಯೋರೇ" ಎಂದು ಈ ಸಲ ಪಿಸುಮಾತಿನಲ್ಲಿ ಅಂದ. ಉತ್ತರ ಬರಲಿಲ್ಲ. ಪೈಯನ್ನು ಮೇಜಿನ ಮೇಲಿಟ್ಟು, ನಿಯಮ ಮುರಿಯಬಾರದೆಂದು ಫ್ರಿಜ್ ತೆರೆದ. ಒಂದು ಮೊಟ್ಟೆ, ಅರ್ಧ ಬಾಟಲಿ ಹಾಲು, ಕಾಗದದಲ್ಲಿ ಸುತ್ತಿದ ಎರಡು ತೆಳು ಮಾಂಸದ ಹೋಳು. ಎಡ್ನಾ ಹೋದ ಹೊಸತರಲ್ಲಿ ತನ್ನ ಫ್ರಿಜ್ಜೂ ಹೀಗೇ ಇತ್ತು. ಅದರಲ್ಲಿ ಒಂದನ್ನು ತಿನ್ನಲು ಮನಸ್ಸು ಬರಲಿಲ್ಲ, ಆದರೂ ಮರ್ಯಾದೆಗೆಂದು ಅರ್ಧ ಹೋಳು ತಿಂದ. ಕುರ್ಚಿ ಎಳೆದು ಕೂತ. ಐದು ನಿಮಿಷವಾದರೂ ಯಾರೂ ಬರದಿದ್ದಾಗ ಎದ್ದು ಮುಂದಿನ ಕೋಣೆಗೆ ಹೋದ.

ಸೋಫಾದ ಹಿಂದಿನಿಂದ ಎರಡು ಬೂಟುಗಳು ಹೊರಚಾಚಿದ್ದವು. ಬೂಟಿನೊಳಗೆ ಕಾಲುಗಳಿದ್ದವು.

ಲೈಲ್ ಅಂಗಾತ ಮಲಗಿದ್ದ. ಕಣ್ಣು ಮುಚ್ಚಿತ್ತು. ಆಗ ಕೇಳಿದ ದಢಾರ್ ಸದ್ದು ಕುರ್ಚಿಯದಲ್ಲ, ಮನುಷ್ಯ ಬಿದ್ದದ್ದು. ಎಂಟು ತಿಂಗಳು ಕಾದವನು, ನೆರೆಯವನು ಬರುತ್ತಾನೆ ಅನ್ನುವಷ್ಟರಲ್ಲಿ ಸತ್ತನಲ್ಲ ಎಂದು ಸಿರಿಲ್‌ಗೆ ಅಳು ಬಂತು. ಓಡಿಹೋಗಿ ಮುಂಬಾಗಿಲು ತೆರೆದು, "ಬನ್ನಿ, ಯಾರಾದ್ರೂ ಬನ್ನಿ, ಬಿದ್ದುಬಿಟ್ಟಿದ್ದಾನೆ" ಎಂದು ಕೂಗಿದ.

ಬೆರಿಲ್ ಆಗಲೇ ಆಂಬ್ಯುಲೆನ್ಸಿಗೆ ಫೋನು ಮಾಡುತ್ತಿದ್ದಳು. ಬೀದಿಯ ಅರ್ಧ ಜನ ಬಂದು ಗೇಟಿನ ಹೊರಗೆ ಸಾಲಾಗಿ ನಿಂತರು, ನಾನೂ ಅವರಲ್ಲೊಬ್ಬ. ಎಲ್ಲರ ಮುಖದಲ್ಲೂ ಕನಿಕರ ಇತ್ತು. ಗೇಟು ಮಾತ್ರ ಯಾರೂ ದಾಟಲಿಲ್ಲ.

"ಒಳಗೆ ಬಾ ರೇಮಂಡ್," ಅಂದ ಸಿರಿಲ್.

"ಪರಿಚಯ ಇಲ್ದೆ ಹೇಗಪ್ಪಾ ನುಗ್ಗೋದು," ಅಂದ ರೇಮಂಡ್. "ಎದೆ ಒತ್ತು. ಆಸ್ಪತ್ರೆ ಧಾರಾವಾಹೀಲಿ ಒತ್ತಲ್ವಾ, ಹಾಗೆ. ನಾನು ಇಲ್ಲಿಂದ್ಲೇ ಎಣಿಸ್ತೀನಿ."

ಸಿರಿಲ್ ಮಂಡಿಯೂರಿ ಕೂತು ಒತ್ತತೊಡಗಿದ. ಹರಿದ ಪ್ಯಾಂಟು ತೆರೆದ ಬಾಗಿಲಿನ ಕಡೆಗಿತ್ತು, ಬೀದಿಯವರು ಸಭ್ಯರಾಗಿ ಆಕಾಶ ನೋಡಿದರು. ರೇಮಂಡ್ ಗೇಟಿನಿಂದ ಎಣಿಸಿದ. ಹನ್ನೊಂದು ಅನ್ನುವಾಗ ಸತ್ತವನು ಒಂದು ಕಣ್ಣು ತೆರೆದ.

"ಸಾಕು," ಅಂದ ಲೈಲ್ ಮೆಲ್ಲಗೆ. "ಪಕ್ಕೆಲುಬು ಹೋಗತ್ತೆ."

ಆಂಬ್ಯುಲೆನ್ಸಿನಲ್ಲಿ ಬಂದಾಕೆ ಮೊದಲು ಲೈಲ್‌ನನ್ನು ಪರೀಕ್ಷಿಸಿದಳು, ಅಭ್ಯಾಸಬಲದಿಂದ ಸಿರಿಲ್‌ನನ್ನೂ ಪರೀಕ್ಷಿಸಿದಳು. "ಇವ್ರಿಗೇನೂ ಆಗಿಲ್ಲ, ಕುದುರೆ ಥರ ಇದ್ದಾರೆ," ಅಂದಳು. "ನಿಮ್ಮದೇ ರಕ್ತದೊತ್ತಡ ಏರಿದೆ. ಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ," ಅಂದ ಸಿರಿಲ್.

"ಯಾರಾದ್ರೂ ಬಂದು ನೋಡ್ಕೋತಾರಾ?"

ಸಿರಿಲ್ ನೆಲಹಾಸಿನ ಹೂವು ಎಣಿಸುತ್ತ ಕೂತ. ಆಕೆ ಅವನನ್ನೂ ಲೈಲ್‌ನನ್ನೂ ನೋಡಿ, "ಅರ್ಧ ಗಂಟೆ ಇಲ್ಲೇ, ಇವ್ರ ಹತ್ರಾನೇ ಕೂತಿರಿ. ಎದ್ದು ಓಡಾಡ್ಬೇಡಿ," ಎಂದು ಅಪ್ಪಣೆ ಮಾಡಿ ಹೋದಳು. ಸಿರಿಲ್‌ನ ಜೀವಮಾನದಲ್ಲಿ ಯಾವ ವೈದ್ಯರೂ ಅಷ್ಟು ಒಳ್ಳೆಯ ಔಷಧಿ ಬರೆದುಕೊಟ್ಟಿರಲಿಲ್ಲ.

ಬಾಗಿಲು ಮುಚ್ಚಿತು. ಲೈಲ್ ಬಿಸಿಬಿಸಿ ಚಹಾ ತಂದು ಕೈಗಿತ್ತು, ಎದುರು ಕೂತ. ಕಂದು ಕೋಟು ಬಿಚ್ಚಿ ಎಸೆದ. ಒಳಗೆ ಹಳದಿ ಮತ್ತು ಕೆಂಪು ಚೌಕಳಿಯ ಅಂಗಿ ಇತ್ತು, ಥೇಟ್ ಟೀವಿಯಲ್ಲಿದ್ದ ಹಾಗೆ.

"ಸಿರಿಲ್," ಅಂದ, "ಹೆಸರು ಹಿಡಿದು ಕರೀಬಹುದು ತಾನೇ? ನೀವು ನನಗೋಸ್ಕರ ಬೇಲಿ ಹಾರಿದ್ರಿ. ಪ್ಯಾಂಟು ಹರ್ಕೊಂಡ್ರಿ. ಊಟಕ್ಕೆ ಇಟ್ಕೊಂಡಿದ್ದ ಪೈನ ಕೆಳಗಿಡೋಕೂ ನಿಲ್ದೆ ಓಡಿ ಬಂದ್ರಿ. ಗೋಡೆ ಆಚೆ ನಾನು ಬಿದ್ದ ಸದ್ದು ಕೇಳಿ ತಾನೇ?"

ಸಿರಿಲ್ ಬಾಯಿ ತೆರೆದ. ಲೈಲ್ ಅವಕಾಶ ಕೊಡಲಿಲ್ಲ. ಎಂಟು ತಿಂಗಳಿಂದ ಕಟ್ಟೆ ಕಟ್ಟಿಟ್ಟ ನೀರು ಬಿಟ್ಟ ಹಾಗೆ ಮಾತು ಹರಿಯುತ್ತಿತ್ತು, ಸಿರಿಲ್‌ಗೆ ಕೇಳಲು ಹಿತವಾಗಿತ್ತು. ಟೀವಿ ಸುಳ್ಳಾಡಿರಲಿಲ್ಲ.

"ನಿಮಗೆ ಸತ್ಯ ಹೇಳ್ಬೇಕು. ನಾನು ಎಚ್ಚರ ತಪ್ಪಿ ಬಿದ್ದದ್ದಲ್ಲ, ಅಡಗಿಕೊಂಡಿದ್ದು. ರೇಡಿಯೋ ಕೇಳ್ತಿದ್ದೆ, ಎಲ್ಲಿಂದ್ಲೋ 'ಹಾಯ್ ನೆರೆಯೋರೇ' ಅಂತ ಒಂದು ಕೂಗು ಬಂತು. ನಮ್ಮೂರಿನ ಧಾಟಿ. ಹುಡುಕಿಕೊಂಡು ಬಂದೇಬಿಟ್ರು ಅಂದ್ಕೊಂಡೆ. ಹಳೇ ಅಭ್ಯಾಸ ನೋಡಿ, ಸೋಫಾ ಹಿಂದೆ ಬಿದ್ದು, ಕಣ್ಣು ಮುಚ್ಚಿ ಸತ್ತ ಹಾಗೆ ಮಲಗಿಬಿಟ್ಟೆ. ನಿಮಗೂ ಆ ಕೂಗು ಕೇಳಿಸ್ತಾ?"

"ಇಲ್ಲ," ಅಂದ ಸಿರಿಲ್.

"ಹಾಗಾದ್ರೆ ನನ್ನ ಭ್ರಮೆ. ಭ್ರಮೆ ಆಗದೆ ಇನ್ನೇನು ಆಗತ್ತೆ. ನನ್ನ ಹೆಂಡ್ತಿ ಆರ್ಲೀನ್ ಹೋದಾಗ ನಮ್ಮೂರಿನವರು ನನ್ನ ಮೇಲೆ ಬಿದ್ರು, ಸಿರಿಲ್. ಪ್ರೀತಿಯಿಂದ್ಲೇ ಬಿದ್ರು. ಮೊದಲನೇ ವಾರದಲ್ಲೇ ನಲವತ್ತೊಂದು ಜನ ಅಡುಗೆ ತಂದ್ರು. ಹಿಂಬಾಗಿಲಿಂದ ಬಂದ್ರು, ಗ್ಯಾರೇಜಿಂದ ಬಂದ್ರು. ಒಂದಿನ ಸ್ನಾನ ಮಾಡಿ ಹೊರಗೆ ಬಂದ್ರೆ ಚರ್ಚಿನ ಹಾಡುಗಾರ್ತಿಯರು ಮಂಚದ ಪಕ್ಕ ನಿಂತಿದ್ರು. ಮೂರು ಚಿಲಕ ಹಾಕಿಸಿದೆ, ಬೀಗದ ಕೈ ಮಾಡಿಸ್ಕೊಂಡ್ರು. ಹೆಂಡ್ತಿ ಸತ್ತಿದ್ದಕ್ಕೆ ಅಳೋಣ ಅಂದ್ರೆ ನಾಲ್ಕು ವರ್ಷ ಒಂದು ಗಂಟೆ ಬಿಡುವು ಸಿಗ್ಲಿಲ್ಲ ನನಗೆ."

ಸಿರಿಲ್ ಚಹಾ ಹೀರುವುದನ್ನು ನಿಲ್ಲಿಸಿದ.

"ಆಗ ನಿಮ್ಮ ದೇಶದ ಧಾರಾವಾಹಿಗಳನ್ನ ನೋಡೋಕೆ ಶುರುಮಾಡಿದೆ," ಅಂದ ಲೈಲ್. "ಒಂದರಲ್ಲಿ ಒಬ್ಬ ಮುದುಕ ಮನೆಯೊಳಗೆ ಸತ್ತುಬಿದ್ದಿರ್ತಾನೆ. ಬಾಗಿಲ ಮುಂದೆ ಹಾಲಿನ ಬಾಟಲಿ ಸಾಲಾಗಿ ನಿಂತಿವೆ. ಮೂರು ವಾರ ಯಾರೂ ಬಾಗಿಲು ತಟ್ಟಿಲ್ಲ, ಅಕ್ಕಪಕ್ಕದವರಿಗೆ ತೊಂದ್ರೆ ಕೊಡೋಕೆ ಇಷ್ಟ ಇಲ್ಲ. ಅದನ್ನ ನೋಡಿ ನಮ್ಮೂರಿನವರು ಅತ್ರು. ನನಗೆ ಆಸೆ ಆಯ್ತು."

ಹೊರಗೆ ಬೀದಿಯವರು ಇನ್ನೂ ಚದುರಿರಲಿಲ್ಲ. ಛತ್ರಿಯ ಮೇಲೆ ಮಳೆ ಬೀಳುವ ಸದ್ದು ಒಳಗೆ ಕೇಳುತ್ತಿತ್ತು.

"ಎಲ್ಲಾರೂ ಹೇಳಿದ್ರು, ಟೀವಿ ನಂಬ್ಕೊಂಡು ದೇಶ ಬಿಡ್ಬೇಡ, ಅಲ್ಲಿ ಹಾಗೆಲ್ಲ ಇರಲ್ಲ ಅಂತ. ಬಂದು ನೋಡಿದ್ರೆ ಎಲ್ಲಾ ಹಾಗೇ ಇದೆ. ಹಿಂಬಾಗಿಲಿಗೆ ಚಿಲಕಾನೇ ಹಾಕಲ್ಲ ನಾನು, ಯಾಕೆ ಬೇಕು? ಆದ್ರೆ ಸಿರಿಲ್, ಈ ಮನೆ ತಗೊಂಡಿದ್ದು ನಿಮ್ಮಿಂದ."

"ನನ್ನಿಂದ?"

"ಮನೆ ತೋರಿಸೋಕೆ ಬಂದಿದ್ದ ದಲ್ಲಾಳಿಗೆ ಕೇಳ್ದೆ, ಪಕ್ಕದಲ್ಲಿ ಯಾರಿದ್ದಾರೆ ಅಂತ. ಒಬ್ರು ಇದ್ದಾರೆ, ಅಕ್ಕ ಹೋದ ಮೇಲೆ ಅವರ ಮನೆಗೆ ಒಂದು ನರಪಿಳ್ಳೆ ಬಂದಿಲ್ಲ ಅಂತ ಬೀದಿಯವ್ರು ಹೇಳ್ತಾರೆ ಅಂದ. ಆ ಕ್ಷಣಾನೇ ಸಹಿ ಹಾಕ್ದೆ. ಎಂಟು ತಿಂಗಳಿಂದ ನಿಮ್ಮನ್ನ ನೋಡ್ತಿದ್ದೀನಿ. ಟೋಪಿ, ಕೋಟು, ಥಂಡಿ ಇದೆ ಅನ್ನೋದು, ಎಲ್ಲಾ ನಿಮ್ಮನ್ನ ನೋಡಿ ಕಲ್ತಿದ್ದು. ಆದ್ರೂ ನನಗೆ ನಿಮ್ಮಷ್ಟು ಬರಲ್ಲ. ಹೋದ ತಿಂಗಳು ಒಬ್ಳು ಹೆಂಗಸು ಬಾಗಿಲ ತನಕ ಬಂದು ಕಾಗದ ಕೊಟ್ಟುಹೋದ್ಳು." ಲೈಲ್ ಕುರ್ಚಿಯ ತುದಿಗೆ ಬಂದು ಕೂತ. "ಅರ್ಧ ಗಂಟೆ ಹೇಗೂ ಇದೆ. ದಯವಿಟ್ಟು ಹೇಳಿಕೊಡಿ. ಹೇಗೆ ಮಾಡ್ತೀರಿ ನೀವು ಅದನ್ನ?"

ಸಿರಿಲ್ ತನ್ನ ಲೋಟ ನೋಡಿದ. ನಾನೂ ನಿಮ್ಮ ಹಾಗೇ ಹೆಂಗಸರು ಅಡುಗೆ ಹೊತ್ತು ತರುವ ಊರಲ್ಲಿ ಹುಟ್ಟಬೇಕಿತ್ತು ಎಂದು ಹೇಳಬೇಕೆನಿಸಿತು. ಆ ಪೈ ನಿಮಗೇ ತಂದದ್ದು, ಕೂಗಿದವನೂ ನಾನೇ ಎಂದು ಹೇಳಬೇಕೆನಿಸಿತು. ಆದರೆ ಎದುರು ಕೂತವನ ಮುಖದಲ್ಲಿ ಅಷ್ಟು ಗೌರವ ಇತ್ತು. ಸಿರಿಲ್‌ನನ್ನು ಜೀವನದಲ್ಲಿ ಯಾರೂ ಹಾಗೆ ನೋಡಿರಲಿಲ್ಲ. ಅದೂ ಅಲ್ಲದೆ ಅವನು ನಮ್ಮ ಊರಿನವನು. ನಮ್ಮ ಊರಿನವರು ಒಂಟಿತನ ಅನ್ನುವುದನ್ನು ಬಾಯಿಬಿಟ್ಟು ಹೇಳುವುದಿಲ್ಲ.

"ಏನೂ ಕಷ್ಟ ಇಲ್ಲ," ಅಂದ ಕೊನೆಗೆ. "ಎಲ್ಲಾರ್ನೂ ಕರೀಬೇಕು."

"ಕರೀಬೇಕಾ?"

"ಹೌದು. ಸಿಕ್ಕಿದಾಗಲೆಲ್ಲ ಕರೀಬೇಕು. 'ಯಾವಾಗಲಾದ್ರೂ ಚಹಾಕ್ಕೆ ಬನ್ನಿ' ಅನ್ನಿ. ದಿನ ಹೇಳ್ಬಾರದು, ಹೊತ್ತು ಹೇಳ್ಬಾರದು. ಅವ್ರು 'ಖಂಡಿತ' ಅಂತಾರೆ. ಆಮೇಲೆ ಬರಲ್ಲ. ನಾನು ಆರು ವರ್ಷದಿಂದ ಕರೀತಾ ಇದ್ದೀನಿ."

ಲೈಲ್ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡ. ಎರಡು ಸಲ ಓದಿ ಬಾಯಿಪಾಠ ಮಾಡಿಕೊಂಡ. ಮೆಚ್ಚುಗೆಯಿಂದ ತಲೆಯಾಡಿಸಿದ. ಅರ್ಧ ಗಂಟೆ ಮುಗಿಯುತ್ತಲೇ ತಟಕ್ಕನೆ ಎದ್ದು ಸಿರಿಲ್‌ನನ್ನು ಮುಂಬಾಗಿಲ ತನಕ ಬಿಡಲು ಬಂದ. ಹರಿದ ಪ್ಯಾಂಟು ಮುಚ್ಚಿಕೊಳ್ಳಲೆಂದು ತನ್ನ ಕಂದು ಕೋಟನ್ನೂ ಹೊದಿಸಿದ. ಎರಡೂ ಕೈಯಲ್ಲಿ ಸಿರಿಲ್‌ನ ಕೈ ಹಿಡಿದುಕೊಂಡ.

"ನನ್ನ ಕಡೆಯಿಂದ ನಿಮಗೆ ಯಾವತ್ತೂ ತೊಂದ್ರೆ ಆಗಲ್ಲ. ನಿಮ್ಮ ಹೊಸ್ತಿಲು ನಾನು ದಾಟಲ್ಲ. ಮಾತು ಕೊಡ್ತೀನಿ," ಅಂದ. ಆಮೇಲೆ ಏನೋ ನೆನಪಾದವನಂತೆ ಗಂಟಲು ಸರಿಮಾಡಿಕೊಂಡು, ನೆಲ ನೋಡುತ್ತ, "ಯಾವಾಗಲಾದ್ರೂ ಚಹಾಕ್ಕೆ ಬನ್ನಿ, ಸಿರಿಲ್," ಎಂದ. "ಹೇಗಿತ್ತು? ಸರಿಯಾಯ್ತಾ?"

"ಖಂಡಿತ," ಅಂದ ಸಿರಿಲ್. "ನಮ್ಮವರ ಥರಾನೇ ಇತ್ತು."

ಮಳೆ ನಿಂತಿತ್ತು. ಬೀದಿಯವರೆಲ್ಲ ಮನೆ ಸೇರಿದ್ದರು, ಬೆರಿಲ್ ಮಾತ್ರ ಗೇಟಿನ ಬಳಿ ಛತ್ರಿ ಮಡಚಿಕೊಂಡು ನಿಂತಿದ್ದಳು.

"ಏನಯ್ಯಾ, ಟೀವಿಲಿ ಇದ್ದ ಹಾಗೇ ಇದ್ದಾನಾ?"

"ಥೇಟ್ ಹಾಗೇ, ಬೆರಿಲ್. ಬಾಯ್ತುಂಬ ಮಾತಾಡ್ದ."

"ಮತ್ತೆ? ಏನಂದ?"

"ಚಹಾಕ್ಕೆ ಬನ್ನಿ ಅಂದ."

ಬೆರಿಲ್‌ಳ ಮುಖ ಅರಳಿತು. "ನೋಡ್ದಾ, ನಾವು ಹೇಳ್ಲಿಲ್ವಾ? ಯಾವಾಗಂತೆ?"

"ಯಾವಾಗಲಾದ್ರೂ," ಅಂದ ಸಿರಿಲ್.

ಬೆರಿಲ್ ಥಾರ್ನ್‌ಬಿಯಲ್ಲೇ ಹುಟ್ಟಿ ಬೆಳೆದವಳು. ಮತ್ತೇನೂ ಕೇಳಲಿಲ್ಲ.